ಮೌನವಾದ ಹುಲಿ

ಜಾತ್ರೆಯಿಂದ ಕೀ ಕೊಡುವ ಗೊಂಬೆಯನ್ನು ತಂದ ಮಗು ಅದನ್ನು ಕಪಾಟಿನಲ್ಲಿಟ್ಟು ನೋಡುತ್ತಾ ಕೂರುವುದಿಲ್ಲ. ಗೊಂಬೆ ಓಡಬೇಕು, ಡೋಲು ಬಡಿಯಬೇಕು, ತಲೆ ಅಲ್ಲಾಡಿಸಬೇಕು. ಅದು ನಿಂತುಬಿಟ್ಟರೆ ಮಗುವಿನ ಲೆಕ್ಕದಲ್ಲಿ ಕೆಟ್ಟುಹೋಯಿತು ಎಂದೇ ಅರ್ಥ. ದೊಡ್ಡವರಾದ ನಾವು ಮಾತ್ರ ಶಿಲ್ಪವೆಂದೊಡನೆ ಅಲುಗಾಡದೆ ನಿಂತ ಕಲ್ಲನ್ನೋ ಕಂಚನ್ನೋ ನೆನೆಯುತ್ತೇವೆ. ಆದರೆ ಚಲನೆಯನ್ನೇ ಜೀವಾಳವಾಗಿಸಿಕೊಂಡ ಶಿಲ್ಪಕಲೆಯೊಂದಿದೆ. ಅದಕ್ಕೆ ದೀರ್ಘವಾದ ಇತಿಹಾಸವೂ ಇದೆ. ಆ ಇತಿಹಾಸದ ಪ್ರಸಿದ್ಧ ಕೃತಿಗಳಲ್ಲಿ ಒಂದು ನಮ್ಮ ಶ್ರೀರಂಗಪಟ್ಟಣದ್ದು ಎಂಬುದನ್ನು ನಾವು ಮರೆತೇ ಬಿಟ್ಟಿದ್ದೇವೆ.

ಅದು ಟಿಪ್ಪು ಸುಲ್ತಾನರ ಮರದ ಹುಲಿ. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯಕ್ಕೆ ಸೇರಿದ ಈ ಹುಲಿಯ ಚಿತ್ರವನ್ನು ನೋಡದವರು ಕಡಿಮೆ. ಅಂಗಾತ ಬಿದ್ದ ಯುರೋಪಿಯನ್ ಉಡುಪಿನ ಮನುಷ್ಯ, ಅವನ ಎದೆಯ ಮೇಲೇರಿ ಕುತ್ತಿಗೆಗೆ ಬಾಯಿ ಹಾಕಿರುವ ಹುಲಿ. ಪಠ್ಯಪುಸ್ತಕಗಳಲ್ಲಿ, ಪತ್ರಿಕೆಗಳಲ್ಲಿ, ಟಿಪ್ಪುವಿನ ಪರ ಮತ್ತು ವಿರೋಧದ ಲೇಖನಗಳಲ್ಲಿ ಇದು ಮತ್ತೆ ಮತ್ತೆ ಅಚ್ಚಾಗುತ್ತದೆ. ಅಚ್ಚಾದ ಚಿತ್ರದಲ್ಲಿ ಹುಲಿ ಅಲುಗಾಡುವುದಿಲ್ಲ, ಗುರುಗುಟ್ಟುವುದಿಲ್ಲ. ಆದ್ದರಿಂದ ನಾವು ಕಂಡಿರುವುದು ಆ ಕೃತಿಯ ಅರ್ಧ ಭಾಗವನ್ನು ಮಾತ್ರ.

ಹೊಟ್ಟೆಯೊಳಗಿನ ಉಸಿರು

ಸುಮಾರು 1.78 ಮೀಟರ್ ಉದ್ದ, 71 ಸೆಂಟಿಮೀಟರ್ ಎತ್ತರದ ಈ ಹುಲಿಯ ಹೊಟ್ಟೆ ಟೊಳ್ಳು. ಅದರ ಭುಜದ ಬಳಿ ಒಂದು ಹಿಡಿಕೆ ಇದೆ. ಅದನ್ನು ತಿರುಗಿಸಿದರೆ ಒಳಗಿನ ತಿದಿಗಳು ಉಬ್ಬಿ ಕುಗ್ಗತೊಡಗುತ್ತವೆ. ಕಮ್ಮಾರನ ಕುಲುಮೆಯ ತಿದಿಯನ್ನು ಕಂಡವರಿಗೆ, ಹಾರ್ಮೋನಿಯಂ ಪೆಟ್ಟಿಗೆಯ ಹಿಂಬದಿಯನ್ನು ಒತ್ತಿದವರಿಗೆ ಇದರ ತತ್ವವನ್ನು ವಿವರಿಸಬೇಕಾಗಿಲ್ಲ. ಒಂದು ತಿದಿಯ ಗಾಳಿ ಮನುಷ್ಯನ ಗಂಟಲಿನ ಕೊಳವೆಯ ಮೂಲಕ ಬಾಯಿಗೆ ಬರುತ್ತದೆ. ಅದು ಆರ್ತನಾದ. ಹುಲಿಯ ತಲೆಯೊಳಗಿನ ಮತ್ತೊಂದು ಏರ್ಪಾಟು ಎರಡು ಸ್ವರಗಳ ಕೊಳವೆಯೊಂದಕ್ಕೆ ಗಾಳಿಯೂದುತ್ತದೆ. ಅದು ಗುರುಗುಟ್ಟುವಿಕೆ.

ಇಷ್ಟೇ ಆಗಿದ್ದರೆ ಇದನ್ನು ಸದ್ದು ಮಾಡುವ ದೊಡ್ಡ ಆಟಿಕೆ ಎನ್ನಬಹುದಿತ್ತು. ಆದರೆ ಹಿಡಿಕೆ ತಿರುಗುವಾಗ ಮನುಷ್ಯನ ಎಡಗೈಯೂ ಏರಿಳಿಯುತ್ತದೆ. ಆ ಕೈ ಏರಿಳಿದಂತೆ ಕೂಗಿನ ಸ್ವರವೂ ಬದಲಾಗುತ್ತದೆ. ಚಲನೆ ಬೇರೆ, ದನಿ ಬೇರೆ ಎಂದಿಲ್ಲ. ಒಂದೇ ಜೀವದಿಂದ ಹೊರಟಂತೆ ಅವೆರಡೂ ಒಂದಕ್ಕೊಂದು ಕಟ್ಟಿಕೊಂಡಿವೆ. ಹೀಗೆ ಯೋಚಿಸಿದವನು ಬರಿಯ ಯಂತ್ರಗಾರನಲ್ಲ. ಅವನು ಕಲಾವಿದ.

ಹುಲಿಯ ಪಕ್ಕೆಯಲ್ಲಿ ಒಂದು ಮುಚ್ಚಳವಿದೆ. ಅದನ್ನು ತೆರೆದರೆ ದಂತದ ಹದಿನೆಂಟು ಗುಂಡಿಗಳ ಸಾಲು ಕಾಣುತ್ತದೆ. ಅದು ಕೊಳವೆಗಳಿಂದ ನುಡಿಯುವ ಪುಟ್ಟ ವಾದ್ಯ. ಅದರಲ್ಲಿ ರಾಗಗಳನ್ನೇ ನುಡಿಸಬಹುದಾಗಿತ್ತು. ಒಂದೇ ದೇಹದಲ್ಲಿ ಶಿಲ್ಪ, ಚಿತ್ರ, ಯಂತ್ರ, ಸಂಗೀತ ನಾಲ್ಕೂ ಸೇರಿದ ಕೃತಿಗಳು ಜಗತ್ತಿನಲ್ಲಿ ಎಷ್ಟಿವೆ?

ಹಳೆಯ ಬೇರುಗಳು

ಇಂತಹ ಕಲೆ ದಿಢೀರನೆ ಹುಟ್ಟುವುದಿಲ್ಲ. ಒಂಬತ್ತನೆಯ ಶತಮಾನದ ಬಗ್ದಾದಿನಲ್ಲಿ ಬನೂ ಮೂಸಾ ಎಂದು ಹೆಸರಾದ ಮೂವರು ಸಹೋದರರು ಚಮತ್ಕಾರದ ಯಂತ್ರಗಳ ಬಗ್ಗೆ ಗ್ರಂಥ ಬರೆದರು. ಚಿಮ್ಮುವ ನೀರಿನ ಆಕಾರವನ್ನು ತಾನೇ ಬದಲಿಸಿಕೊಳ್ಳುವ ಕಾರಂಜಿಗಳನ್ನು ಅವರು ವಿವರಿಸಿದ್ದಾರೆ. ಹನ್ನೊಂದನೆಯ ಶತಮಾನದಲ್ಲಿ ಧಾರಾನಗರದ ಭೋಜರಾಜನ ಸಮರಾಂಗಣ ಸೂತ್ರಧಾರ ಯಂತ್ರಗಳಿಗೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟಿತು. 1206ರಲ್ಲಿ ಈಗಿನ ತುರ್ಕಿಯ ದಿಯಾರ್‌ಬಕಿರ್‌ನಲ್ಲಿದ್ದ ಅಲ್ ಜಝರಿ ಐವತ್ತು ಯಂತ್ರಗಳ ರಚನೆಯನ್ನು ಚಿತ್ರಸಹಿತ ಬರೆದು ಮುಗಿಸಿದರು. ನೋಡಿದವರು ಮತ್ತೆ ಮಾಡಬಲ್ಲಷ್ಟು ವಿವರವಾಗಿ ಬರೆದುದು ಅವರ ಹಿರಿಮೆ.

ಅಲ್ ಜಝರಿಯವರ ಆನೆ ಗಡಿಯಾರವನ್ನೇ ನೋಡಿ. ಆನೆಯ ಹೊಟ್ಟೆಯೊಳಗಿನ ನೀರಿನಲ್ಲಿ ತೂತುಳ್ಳ ಬಟ್ಟಲೊಂದು ತೇಲುತ್ತದೆ. ನಮ್ಮ ಹಿರಿಯರು ಮುಹೂರ್ತ ನೋಡಲು ಬಳಸುತ್ತಿದ್ದ ಗಳಿಗೆ ಬಟ್ಟಲಿನ ತತ್ವವೇ ಇಲ್ಲಿಯೂ ಇದೆ. ಅರ್ಧ ಗಂಟೆಗೆ ಬಟ್ಟಲು ಮುಳುಗುತ್ತದೆ. ಮುಳುಗುವಾಗ ದಾರವೊಂದನ್ನು ಎಳೆಯುತ್ತದೆ. ಮೇಲಿನಿಂದ ಗುಂಡು ಉರುಳಿ ಸರ್ಪದ ಬಾಯಿಗೆ ಬೀಳುತ್ತದೆ. ಸರ್ಪ ಆ ಭಾರಕ್ಕೆ ಬಾಗುತ್ತದೆ, ಮಾವುತ ಆನೆಯನ್ನು ಬಡಿಯುತ್ತಾನೆ, ಮುಳುಗಿದ ಬಟ್ಟಲು ಮತ್ತೆ ಮೇಲೇಳುತ್ತದೆ. ಕಾಲ ಎಷ್ಟಾಯಿತೆಂದು ತಿಳಿಸಲು ಇಷ್ಟೆಲ್ಲ ಬೇಕಾಗಿರಲಿಲ್ಲ. ಕಾಲ ಸರಿಯುವುದನ್ನು ಕಣ್ಣಿಗೆ ಹಬ್ಬವಾಗುವಂತೆ ತೋರಿಸುವ ಆಸೆಯಿಂದ ಇದು ಹುಟ್ಟಿತು.

ಶ್ರೀರಂಗಪಟ್ಟಣದ ಹುಲಿಯ ಹಿಂದೆಯೂ ಹಲವು ನಾಡುಗಳ ಕೈಗಳಿವೆ. ಟಿಪ್ಪು ಗಡಿಯಾರ, ಬಂದೂಕು, ಹೊಸ ಯಂತ್ರಗಳ ಬಗ್ಗೆ ಅಪಾರ ಕುತೂಹಲವುಳ್ಳವರು. 1788ರಲ್ಲಿ ಅವರ ರಾಯಭಾರಿಗಳು ಪ್ಯಾರಿಸ್‌ಗೆ ಹೋಗಿ ಹದಿನಾರನೆಯ ಲೂಯಿಯನ್ನು ಕಂಡು ಕುಶಲಕರ್ಮಿಗಳನ್ನೂ ಕೇಳಿದ್ದರು. ಹುಲಿಯೊಳಗಿನ ವಾದ್ಯದಲ್ಲಿ ಯುರೋಪಿನ ವಿದ್ಯೆ ಕಾಣುತ್ತದೆ. ಮರದ ಕೆತ್ತನೆಯಲ್ಲಿ, ಮೈಮೇಲಿನ ಪಟ್ಟೆಗಳಲ್ಲಿ ಇಲ್ಲಿಯ ಬಡಗಿಯ, ಇಲ್ಲಿಯ ಬಣ್ಣಗಾರನ ಕೈವಾಡವಿದೆ. ಅವರ ಹೆಸರನ್ನು ಇತಿಹಾಸ ಬರೆದಿಡಲಿಲ್ಲ.

ಲೂಟಿಯಾದ ದಿನ

ಈ ಕೃತಿ ರೂಪುಗೊಂಡ ಕಾಲವನ್ನು ಗಮನಿಸಬೇಕು. 1792ರ ಸೋಲಿನಲ್ಲಿ ಟಿಪ್ಪು ಅರ್ಧ ರಾಜ್ಯವನ್ನು ಕಳೆದುಕೊಂಡರು. ಇಬ್ಬರು ಪುಟ್ಟ ಮಕ್ಕಳನ್ನು ಕಂಪೆನಿಯ ಕೈಗೆ ಒತ್ತೆಯಾಗಿ ಒಪ್ಪಿಸಬೇಕಾಯಿತು. ಹುಲಿ ತಯಾರಾದದ್ದು ಆ ದಶಕದಲ್ಲಿ. 1799ರ ಮೇ 4ರಂದು ಕೋಟೆ ಬಿತ್ತು, ಟಿಪ್ಪು ಹೋರಾಡುತ್ತಾ ಮಡಿದರು. ಸಿಂಹಾಸನವನ್ನು ತುಂಡು ತುಂಡು ಮಾಡಿ ಹಂಚಿಕೊಳ್ಳಲಾಯಿತು. ಅರಮನೆಯ ಸಂಗೀತಶಾಲೆಯಾದ ರಾಗಮಹಲಿನಲ್ಲಿ ಹುಲಿ ಸಿಕ್ಕಿತು. ಸಂಗೀತಶಾಲೆಯಲ್ಲಿ ಎಂಬುದು ಗಮನಾರ್ಹ. ಅದರ ಒಡೆಯರು ಅದನ್ನು ಆಯುಧಗಳ ಜೊತೆಯಲ್ಲಿಟ್ಟಿರಲಿಲ್ಲ.

ಗವರ್ನರ್ ಜನರಲ್ ವೆಲ್ಲೆಸ್ಲಿ ಅದನ್ನು ಲಂಡನ್ನಿಗೆ ಕಳುಹಿಸಿದನು. ಟಿಪ್ಪುವಿನ ಅಹಂಕಾರಕ್ಕೂ ಕ್ರೌರ್ಯಕ್ಕೂ ಇದೇ ಸಾಕ್ಷಿ ಎಂಬ ಟಿಪ್ಪಣಿಯೂ ಜೊತೆಗಿತ್ತು. ಅಂದಿನಿಂದ ಒಂದು ಕಲಾಕೃತಿ ನ್ಯಾಯಾಲಯದಲ್ಲಿ ಹಾಜರುಪಡಿಸಿದ ಪುರಾವೆಯಾಯಿತು.

ಒಬ್ಬ ಮನುಷ್ಯನ ಸಾವನ್ನು ವಿನೋದದ ವಸ್ತುವಾಗಿಸುವುದು ಸರಿಯೇ ಎಂದು ಯಾರಾದರೂ ಕೇಳಿದರೆ ಆ ಪ್ರಶ್ನೆಯನ್ನು ನಾವು ತಳ್ಳಿಹಾಕುವಂತಿಲ್ಲ. ಆ ಕೂಗನ್ನು ಕೇಳಿ ಸುಮ್ಮನೆ ನಗುವುದು ಕಷ್ಟ. ಆದರೆ ಗೆದ್ದವರು ಮಾಡಿದ್ದೇನು? ಶ್ರೀರಂಗಪಟ್ಟಣದ ವಿಜಯಕ್ಕಾಗಿ ಕಂಪೆನಿ ಹೊರಡಿಸಿದ ಪದಕದಲ್ಲಿ ಬ್ರಿಟಿಷ್ ಸಿಂಹ ಹುಲಿಯನ್ನು ಕೆಡವಿ ಮೆಟ್ಟಿ ನಿಂತಿದೆ. ಅದೇ ಚಿತ್ರ, ಪ್ರಾಣಿಗಳು ಮಾತ್ರ ಅದಲು ಬದಲು. ಪದಕವನ್ನು ಶೌರ್ಯದ ಗುರುತೆಂದೂ ಹುಲಿಯನ್ನು ಕ್ರೌರ್ಯದ ಗುರುತೆಂದೂ ಕರೆಯುವುದು ಯಾವ ನ್ಯಾಯ? ಯುದ್ಧಕಾಲದ ಕಲೆ ಎರಡು ಕಡೆಯಲ್ಲೂ ಯುದ್ಧದ ಭಾಷೆಯನ್ನೇ ಆಡಿತು ಎನ್ನುವುದು ಸತ್ಯಕ್ಕೆ ಹತ್ತಿರವಾದ ಮಾತು.

ಓದುವವರಿಗೆ ತೊಂದರೆ

1808ರಿಂದ ಹುಲಿಯನ್ನು ಲಂಡನ್ನಿನ ಈಸ್ಟ್ ಇಂಡಿಯಾ ಹೌಸ್‌ನಲ್ಲಿ ಜನರಿಗೆ ತೋರಿಸಲಾಯಿತು. ಬಂದವರು ಹಿಡಿಕೆಯನ್ನು ತಿರುಗಿಸಬಹುದಾಗಿತ್ತು. ಜನ ಮುಗಿಬಿದ್ದರು. ಕವಿ ಕೀಟ್ಸ್ ಕೂಡ ತನ್ನ ಅಪೂರ್ಣ ಕಾವ್ಯವೊಂದರಲ್ಲಿ ಇದನ್ನು ತಂದಿದ್ದಾನೆ. ಹುಲಿಯನ್ನು ಇಟ್ಟದ್ದು ವಾಚನಾಲಯದಲ್ಲಿ. ಗಂಭೀರವಾಗಿ ಪುಸ್ತಕ ಓದುತ್ತಿದ್ದವರ ಕಿವಿಗೆ ದಿನವಿಡೀ ಗುರುಗುಟ್ಟುವಿಕೆ, ನರಳಾಟ! 1843ರ ಹೊತ್ತಿಗೆ ಯಂತ್ರ ಕೆಡುತ್ತಾ ಬಂದಿತ್ತು. ಕೊನೆಗೊಮ್ಮೆ ಹಿಡಿಕೆಯೇ ಮಾಯವಾಯಿತು. ಓದುಗರು ನೆಮ್ಮದಿಯ ಉಸಿರು ಬಿಟ್ಟರು, ಹುಲಿಯ ಉಸಿರು ನಿಂತಿತು.

1858ರಲ್ಲಿ ಕಂಪೆನಿಯ ಆಡಳಿತ ಕೊನೆಗೊಂಡ ಮೇಲೆ ಹುಲಿ ಕಟ್ಟಡದಿಂದ ಕಟ್ಟಡಕ್ಕೆ ಅಲೆದು 1880ರಲ್ಲಿ ಈಗಿನ ಸಂಗ್ರಹಾಲಯವನ್ನು ಸೇರಿತು. ಎರಡನೆಯ ಮಹಾಯುದ್ಧದಲ್ಲಿ ಜರ್ಮನ್ ಬಾಂಬಿಗೆ ಮೇಲಿನ ಛಾವಣಿ ಕುಸಿದು ಮರದ ದೇಹ ನೂರಾರು ಚೂರುಗಳಾಯಿತು. ಅವುಗಳನ್ನೆಲ್ಲ ಆಯ್ದು ಜೋಡಿಸಿ 1947ರಲ್ಲಿ ಮತ್ತೆ ಪ್ರದರ್ಶನಕ್ಕಿಟ್ಟರು. ನಮ್ಮ ದೇಶ ಸ್ವತಂತ್ರವಾದದ್ದೂ ಅದೇ ವರ್ಷ. ಇಷ್ಟರ ನಡುವೆ ನಡೆದ ದುರಸ್ತಿಗಳು ಒಳಗಿನ ಮೂಲರಚನೆಯನ್ನು ಸಾಕಷ್ಟು ಬದಲಿಸಿಬಿಟ್ಟಿವೆ. ಈಗ ಜನರು ಅದನ್ನು ಮುಟ್ಟುವಂತಿಲ್ಲ. ಅದರ ವಯಸ್ಸನ್ನು ನೋಡಿದರೆ ಈ ಎಚ್ಚರಿಕೆ ಸರಿಯಾದುದೇ.

1955ರ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕು. ಆ ವರ್ಷ ಪ್ಯಾರಿಸ್ಸಿನ ಡೆನಿಸ್ ರೆನೆ ಗ್ಯಾಲರಿಯಲ್ಲಿ ಚಲನೆ ಎಂಬ ಹೆಸರಿನಲ್ಲೇ ಒಂದು ಪ್ರದರ್ಶನ ನಡೆಯಿತು. ಗಾಳಿಗೆ ತೂಗಾಡುವ ಶಿಲ್ಪಗಳ ಅಲೆಕ್ಸಾಂಡರ್ ಕಾಲ್ಡರ್, ಗಾಲಿ ಮೋಟಾರುಗಳ ಜಾನ್ ಟಿಂಗ್ಲಿ ಮೊದಲಾದವರ ಕೃತಿಗಳು ಅಲ್ಲಿದ್ದವು. ಚಲಿಸುವ ಶಿಲ್ಪವನ್ನು ಆಧುನಿಕ ಕಲೆಯ ಹೊಸ ದಾರಿಯೆಂದು ವಿಮರ್ಶಕರು ಗುರುತಿಸಿದ್ದು ಅಂತಹ ಪ್ರದರ್ಶನಗಳಿಂದ. ಅದೇ ವರ್ಷ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ನಮ್ಮ ಹುಲಿಯೂ ಇತ್ತು, ಭಾರತದ ಜವಳಿ ಮತ್ತು ಅಲಂಕಾರ ಕಲೆಗಳ ಪ್ರದರ್ಶನದ ಅಂಗವಾಗಿ. ಪ್ಯಾರಿಸ್ಸಿನ ಕೃತಿಗಳನ್ನು ಕಲೆಯೆಂದು ಕರೆದವರು ಶ್ರೀರಂಗಪಟ್ಟಣದ್ದನ್ನು ಅಲಂಕಾರವೆಂದರು. ಕೈಚಳಕದ ಜನರನ್ನು ಕಲಾವಿದರ ಸಾಲಿಗೆ ಸೇರಿಸಲು ಹಿಂಜರಿಯುವುದು ಪಶ್ಚಿಮದವರ ದೋಷ ಮಾತ್ರವಲ್ಲ, ನಮ್ಮದೂ ಹೌದು.

ನಾವು ಮಾಡಬೇಕಾದುದು

ಇಂದು ಶ್ರೀರಂಗಪಟ್ಟಣಕ್ಕೆ ಹೋದವರಿಗೆ ಆ ಅರಮನೆ ಕಾಣುವುದಿಲ್ಲ, ಅಡಿಪಾಯದ ಅವಶೇಷಗಳಷ್ಟೇ ಉಳಿದಿವೆ. ಅದರ ತೊಲೆಗಳು ಊಟಿಯ ಸಂತ ಸ್ಟೀಫನ್ ಚರ್ಚಿನ ಛಾವಣಿಯನ್ನು ಹೊತ್ತಿವೆ. ಅರಮನೆಯ ಮರ ಒಂದು ಕಡೆ, ಮರದ ಹುಲಿ ಇನ್ನೊಂದು ಕಡೆ. ಉಳಿದಿರುವುದು ವಾದವಿವಾದ ಮಾತ್ರ. ಟಿಪ್ಪುವನ್ನು ಹೊಗಳುವವರು ಹುಲಿಯನ್ನು ಶೌರ್ಯದ ಲಾಂಛನವಾಗಿ ಎತ್ತಿ ಹಿಡಿಯುತ್ತಾರೆ, ತೆಗಳುವವರು ವೆಲ್ಲೆಸ್ಲಿಯ ಹಳೆಯ ಟಿಪ್ಪಣಿಯನ್ನೇ ಮತ್ತೆ ಓದುತ್ತಾರೆ. ಇಬ್ಬರಿಗೂ ಹುಲಿ ಮಾತಾಡುವುದು ಬೇಕಾಗಿಲ್ಲ. ಅದರ ಪರವಾಗಿ ತಾವೇ ಮಾತಾಡಿದರೆ ಸಾಕು.

ಈ ಗದ್ದಲದಲ್ಲಿ ಕಳೆದುಹೋದವರು ಅದನ್ನು ಮಾಡಿದ ಜನ. ಬಡಗಿ, ಬಣ್ಣಗಾರ, ತಿದಿಯ ತೊಗಲು ಹೊಲಿದವ, ಕೊಳವೆಗೆ ಶ್ರುತಿ ಕೂಡಿಸಿದವ. ಸತ್ತ ಮರಕ್ಕೆ ಉಸಿರು ಕೊಡಬಹುದೇ ಎಂಬ ಪ್ರಶ್ನೆಯನ್ನು ಹಿಡಿದು ಅವರು ದಿನಗಟ್ಟಲೆ ಕೂತಿರಬೇಕು. ಕೈ ಮೇಲೆದ್ದಾಗ ದನಿಯೂ ಬದಲಾದ ಆ ಮೊದಲ ಕ್ಷಣದಲ್ಲಿ ಅವರ ಮುಖಗಳು ಹೇಗೆ ಅರಳಿರಬಹುದು! ಆ ಸಂತೋಷ ಯಾವ ಪಕ್ಷಕ್ಕೂ ಸೇರಿದ್ದಲ್ಲ.

ಆದ್ದರಿಂದ ಹುಲಿಯ ಪ್ರತಿಕೃತಿಗಳನ್ನು ಮಾಡುವವರಲ್ಲಿ ನಮ್ಮದೊಂದು ಕೋರಿಕೆ. ಹೊರಗಿನ ಪಟ್ಟೆಗಳನ್ನಷ್ಟೇ ಬರೆದು ಬಿಡಬೇಡಿ, ಒಳಗೆ ತಿದಿಯನ್ನೂ ಕೊಳವೆಯನ್ನೂ ಇಡಿ. ಭುಜಕ್ಕೆ ಹಿಡಿಕೆ ಹಾಕಿ. ಶ್ರೀರಂಗಪಟ್ಟಣಕ್ಕೆ ಬರುವ ಶಾಲಾಮಕ್ಕಳು ಸರದಿಯಲ್ಲಿ ನಿಂತು ಅದನ್ನು ತಿರುಗಿಸಲಿ. ಗುರುಗುಟ್ಟುವಿಕೆ ಕೇಳಿ ಒಂದು ಮಗುವಾದರೂ ಬಗ್ಗಿ ಹುಲಿಯ ಹೊಟ್ಟೆಯೊಳಗೆ ಏನಿದೆ ಎಂದು ಇಣುಕಿ ನೋಡಿದರೆ, ಆ ಹೆಸರಿಲ್ಲದ ಕುಶಲಕರ್ಮಿಗಳ ಋಣ ಸ್ವಲ್ಪವಾದರೂ ತೀರಿದಂತೆ.