ಬಂಡೀಪುರದ ಮುಚ್ಚಿದ ದಾರಿ: ಗಿರಿಕಾನನಕ್ಕೆ ಪ್ರವೇಶ ಯಾರಿಗೆ, ಯಾವಾಗ?

ಗುಂಡ್ಲುಪೇಟೆಯಿಂದ ಕವಲೊಡೆದು ಎರಡು ರಾಷ್ಟ್ರೀಯ ಹೆದ್ದಾರಿಗಳು ನೀಲಗಿರಿಯ ತಪ್ಪಲಿನ ಬಂಡೀಪುರ ಅರಣ್ಯವನ್ನು ಹೊಗುತ್ತವೆ. ಹಿಂದೆ 67 ಎಂಬ ಸಂಖ್ಯೆ ಹೊಂದಿದ್ದ ಇಂದಿನ 181ನೇ ಹೆದ್ದಾರಿ ಮೇಲುಕಾಮನಹಳ್ಳಿಯ ಮೂಲಕ ಊಟಿಯತ್ತ ಸಾಗುತ್ತದೆ. ಹಿಂದಿನ 212, ಈಗಿನ 766ನೇ ಹೆದ್ದಾರಿ ಮದ್ದೂರು, ಮೂಲೆಹೊಳೆಗಳನ್ನು ದಾಟಿ ಕೇರಳದ ಸುಲ್ತಾನ್ ಬತ್ತೇರಿಯನ್ನು ಸೇರುತ್ತದೆ. ರಾತ್ರಿ 9 ಗಂಟೆಗೆ ಈ ಎರಡೂ ದಾರಿಗಳನ್ನು ಮುಚ್ಚಿ ಬೆಳಿಗ್ಗೆ 6ಕ್ಕೆ ತೆರೆಯುವ ವ್ಯವಸ್ಥೆ 2009ರಲ್ಲಿ ಆರಂಭವಾಯಿತು. ಬೆಟ್ಟಗಾಡುಗಳ ರಸ್ತೆಗಳನ್ನು ಮುಚ್ಚುವುದು ಎಷ್ಟು ಸರಿ, ಸಾರ್ವಜನಿಕರ ಹಕ್ಕು ಎಲ್ಲಿಯವರೆಗೆ ಎಂಬ ಚರ್ಚೆಗೆ ದಕ್ಷಿಣ ಭಾರತದಲ್ಲಿ ಇದಕ್ಕಿಂತ ದೀರ್ಘವಾದ ನಿದರ್ಶನ ದೊರಕುವುದು ಕಷ್ಟ.

ಕಾನೂನಿನ ನೆಲೆ

1973ರಲ್ಲಿ ಹುಲಿ ಯೋಜನೆ ಆರಂಭವಾದಾಗ ಅದಕ್ಕೆ ಆಯ್ಕೆಯಾದ ಮೊದಲ ಒಂಬತ್ತು ಅರಣ್ಯಗಳಲ್ಲಿ ಬಂಡೀಪುರವೂ ಒಂದು. ನಾಗರಹೊಳೆ, ತಮಿಳುನಾಡಿನ ಮುದುಮಲೆ ಹಾಗೂ ಕೇರಳದ ವಯನಾಡು ವನ್ಯಧಾಮಗಳು ಇದಕ್ಕೆ ಹೊಂದಿಕೊಂಡಿವೆ. ಇವೆಲ್ಲವೂ 1986ರಲ್ಲಿ ಘೋಷಿತವಾದ ನೀಲಗಿರಿ ಜೀವಗೋಳ ಮೀಸಲು ಪ್ರದೇಶದ ಭಾಗಗಳು. ಬೇಸಿಗೆಯಲ್ಲಿ ನೀರು, ಮೇವುಗಳನ್ನರಸಿ ಹೊರಡುವ ಆನೆಯ ಹಿಂಡುಗಳು ರಾಜ್ಯಗಳ ಗಡಿಯನ್ನು ಲೆಕ್ಕಿಸದೆ ಈ ಕಾಡುಗಳ ನಡುವೆ ಸಂಚರಿಸುತ್ತವೆ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 27ನೇ ಕಲಮು ವನ್ಯಧಾಮದೊಳಗೆ ಅನುಮತಿಯಿಲ್ಲದ ಪ್ರವೇಶವನ್ನು ನಿರ್ಬಂಧಿಸುತ್ತದೆ. ರಾಷ್ಟ್ರೀಯ ಉದ್ಯಾನಗಳಿಗೂ ಅದು ಅನ್ವಯ. ಆದರೆ ಅದೇ ಕಲಮು ಸಾರ್ವಜನಿಕ ಹೆದ್ದಾರಿಯಲ್ಲಿ ಹಾದುಹೋಗುವವರಿಗೆ ವಿನಾಯಿತಿ ನೀಡಿದೆ. ಎಂದರೆ, ರಸ್ತೆಯಿಂದ ಹತ್ತು ಹೆಜ್ಜೆ ಒಳಗಿಟ್ಟವನು ಅಪರಾಧಿ; ರಸ್ತೆಯ ಮೇಲಿರುವವನು ಹಕ್ಕುಳ್ಳ ಪಯಣಿಗ. ಈ ಕಾರಣದಿಂದಲೇ ರಾತ್ರಿ ಸಂಚಾರವನ್ನು ತಡೆಯಲು ಆಡಳಿತವು ವನ್ಯಜೀವಿ ಕಾಯ್ದೆಯ ಬದಲು ಮೋಟಾರು ವಾಹನ ಕಾಯ್ದೆಯನ್ನು ಆಶ್ರಯಿಸಬೇಕಾಯಿತು. ಸಾರ್ವಜನಿಕ ಸುರಕ್ಷತೆಗಾಗಿ ವಾಹನ ಸಂಚಾರವನ್ನು ನಿಯಂತ್ರಿಸುವ ಅಧಿಕಾರ ಆ ಕಾಯ್ದೆಯ 115ನೇ ಕಲಮಿನಲ್ಲಿದೆ.

ನಿಷೇಧ ಬಂದ ಬಗೆ

ಚಾಮರಾಜನಗರ ಜಿಲ್ಲಾಧಿಕಾರಿಗಳು 2009ರ ಜೂನ್ 3ರಂದು ರಾತ್ರಿ ಸಂಚಾರ ನಿಷೇಧದ ಆದೇಶ ಹೊರಡಿಸಿದರು. ಕೆಲವೇ ದಿನಗಳಲ್ಲಿ ಅದನ್ನು ಹಿಂತೆಗೆದುಕೊಳ್ಳಲಾಯಿತು. ವಿಷಯ ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ರೂಪದಲ್ಲಿ ಹೈಕೋರ್ಟಿಗೆ ಬಂದಾಗ, ನ್ಯಾಯಾಲಯವು ಅದೇ ಜುಲೈ ತಿಂಗಳಲ್ಲಿ ಮಧ್ಯಂತರ ಆದೇಶದ ಮೂಲಕ ನಿಷೇಧವನ್ನು ಮರಳಿ ಜಾರಿಗೊಳಿಸಿತು. 2010ರ ಮಾರ್ಚ್‌ನಲ್ಲಿ ಅಂತಿಮ ತೀರ್ಪು ಅದನ್ನೇ ಎತ್ತಿಹಿಡಿಯಿತು. ಆಂಬುಲೆನ್ಸ್‌ನಂತಹ ತುರ್ತು ವಾಹನಗಳಿಗೆ ಹಾಗೂ ಸೀಮಿತ ಸಂಖ್ಯೆಯ ಸರ್ಕಾರಿ ಬಸ್ಸುಗಳಿಗೆ ಅವಕಾಶ ದೊರೆಯಿತು. ಕೇರಳ ಸರ್ಕಾರ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು.

ನಿಷೇಧದ ಪರವಾದ ವಾದ ಸರಳವಾದುದು. ಕಾಡಿನ ಬಹುಪಾಲು ಸಸ್ತನಿಗಳ ಚಟುವಟಿಕೆ ಹೆಚ್ಚುವುದು ಕತ್ತಲಾದ ಮೇಲೆ. ರಸ್ತೆಯಂಚಿನ ಎಳೆ ಹುಲ್ಲು ಜಿಂಕೆ, ಕಡವೆಗಳನ್ನು ಸೆಳೆಯುತ್ತದೆ. ಹಗಲಿನ ಬಿಸಿಲನ್ನು ಹೀರಿಕೊಂಡ ಡಾಂಬರು ಹಾವುಗಳನ್ನು ಕರೆಯುತ್ತದೆ. ಹೆಡ್‌ಲೈಟಿನ ಪ್ರಖರ ಬೆಳಕಿಗೆ ಕಣ್ಣು ಕೋರೈಸಿ ನಿಂತ ಪ್ರಾಣಿಗೆ ಓಡಲು ತೋಚುವುದಿಲ್ಲ. ಖಾಲಿ ರಸ್ತೆಯಲ್ಲಿ ವೇಗವಾಗಿ ಬರುವ ಲಾರಿಗೆ ತಡೆದು ನಿಲ್ಲಲು ಸಮಯವಿರುವುದಿಲ್ಲ.

ವಯನಾಡಿನ ವಾದವೂ ಹಗುರವಾದುದಲ್ಲ. ಆ ಜಿಲ್ಲೆಗೆ ರೈಲು ಮಾರ್ಗವಿಲ್ಲ. ಪಶ್ಚಿಮಕ್ಕೆ ಇಳಿಯಬೇಕಾದರೆ ತಾಮರಶ್ಶೇರಿ ಘಟ್ಟದ ಕಡಿದಾದ ತಿರುವುಗಳನ್ನು ದಾಟಬೇಕು. ಪೂರ್ವದಲ್ಲಿ ಮೈಸೂರು, ಬೆಂಗಳೂರುಗಳ ನೇರ ಬಾಗಿಲು ಬಂಡೀಪುರದ ರಸ್ತೆಯೇ. ಬೆಂಗಳೂರಿನಲ್ಲಿ ಓದುವ, ದುಡಿಯುವ ಮಕ್ಕಳಿರುವ ಕುಟುಂಬಗಳಿಗೆ ಹಾಗೂ ಸರಕು ಸಾಗಿಸುವವರಿಗೆ ಒಂಬತ್ತು ಗಂಟೆಗಳ ತಡೆ ನಿತ್ಯದ ಲೆಕ್ಕಾಚಾರ. ಕೇರಳದ ಮಾರುಕಟ್ಟೆಗೆ ತರಕಾರಿ ಕಳುಹಿಸುವ ಗುಂಡ್ಲುಪೇಟೆಯ ಬೆಳೆಗಾರರೂ ಈ ದಾರಿಯನ್ನೇ ನಂಬಿದವರು.

ಪರ್ಯಾಯಗಳ ಇಕ್ಕಟ್ಟು

ಹುಣಸೂರು, ಗೋಣಿಕೊಪ್ಪಲು, ಕುಟ್ಟ ಮಾರ್ಗವಾಗಿ ಮಾನಂದವಾಡಿಗೆ ಸಾಗುವ ರಸ್ತೆಯನ್ನು ಕರ್ನಾಟಕ ಪರ್ಯಾಯವೆಂದು ಮುಂದಿಟ್ಟಿತು. ಅದು ಸುಮಾರು 30 ಕಿಲೋಮೀಟರ್ ಸುತ್ತು. ಕುಟ್ಟದಿಂದ ಮುಂದೆ ತೋಲ್ಪೆಟ್ಟಿಯಲ್ಲಿ ಅದೂ ವಯನಾಡು ವನ್ಯಧಾಮವನ್ನೇ ಹಾದುಹೋಗುತ್ತದೆ ಎಂಬುದು ವಿರೋಧಿಸುವವರ ಆಕ್ಷೇಪ.

2018ರಲ್ಲಿ ಕೇಂದ್ರ ಹೆದ್ದಾರಿ ಸಚಿವಾಲಯವು ಅರಣ್ಯದ ಆಯ್ದ ಭಾಗಗಳಲ್ಲಿ ಮೇಲ್ಸೇತುವೆ ಕಟ್ಟಿ, ಅದರಡಿ ಪ್ರಾಣಿಗಳು ದಾಟುವಂತೆ ಮಾಡುವ ಪ್ರಸ್ತಾವ ಮಂಡಿಸಿತು. ಕರ್ನಾಟಕ ಒಪ್ಪಲಿಲ್ಲ. ನಿರ್ಮಾಣದ ಅವಧಿಯ ಗದ್ದಲ, ಮರಗಳ ಹನನ ಹಾಗೂ ಇಡೀ ರಾತ್ರಿಯ ಸಂಚಾರ ಇವೆಲ್ಲ ಸೇರಿ ಪರಿಹಾರವೇ ಹೊಸ ಸಮಸ್ಯೆಯಾದೀತೆಂಬುದು ಪರಿಸರವಾದಿಗಳ ಅಳುಕು. 2019ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಪರ್ಯಾಯ ರಸ್ತೆಯನ್ನು ಬಲಪಡಿಸಿ, ಹಗಲಿನಲ್ಲಿಯೂ ಹೆದ್ದಾರಿಯನ್ನು ಮುಚ್ಚುವ ಸಾಧ್ಯತೆಯ ಬಗ್ಗೆ ಪ್ರಶ್ನಿಸಿದಾಗ ಸುಲ್ತಾನ್ ಬತ್ತೇರಿಯಲ್ಲಿ ಉಪವಾಸ ಸತ್ಯಾಗ್ರಹ ನಡೆಯಿತು. 2024ರ ವಯನಾಡು ಲೋಕಸಭಾ ಉಪಚುನಾವಣೆಯ ವೇಳೆಗೆ ನಿಷೇಧ ತೆರವಿನ ಬೇಡಿಕೆ ಮತ್ತೆ ಕೇಳಿಬಂತು.

ಬೇರೆ ಬೆಟ್ಟಗಳ ಪಾಠ

ರಸ್ತೆ ಮುಚ್ಚಿದರೆ ಪ್ರವೇಶವೇ ನಿಂತಂತೆ ಎಂಬ ಭಾವನೆ ಸಾಮಾನ್ಯ. ಅದಕ್ಕೆ ಉತ್ತರ ಬಂಡೀಪುರದ ವ್ಯಾಪ್ತಿಯಲ್ಲಿಯೇ ಇದೆ. ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗುವ ಭಕ್ತರು ತಮ್ಮ ವಾಹನಗಳನ್ನು ಬುಡದಲ್ಲಿಯೇ ಬಿಟ್ಟು ಸಾರಿಗೆ ಸಂಸ್ಥೆಯ ಬಸ್ಸಿನಲ್ಲಿ ಮೇಲೇರುತ್ತಾರೆ. ದೇವರ ದರ್ಶನ ತಪ್ಪಿಲ್ಲ. ಖಾಸಗಿ ಕಾರುಗಳ ಸಾಲು ಮಾತ್ರ ತಪ್ಪಿದೆ.

ಊಟಿಯ ಕಡೆ ಅನುಸರಿಸಿದ್ದು ಸಂಖ್ಯೆಯ ದಾರಿ. ಮದ್ರಾಸ್ ಹೈಕೋರ್ಟಿನ ಆದೇಶದಂತೆ 2024ರ ಮೇ 7ರಿಂದ ನೀಲಗಿರಿ ಜಿಲ್ಲೆ ಪ್ರವೇಶಿಸುವ ಪ್ರವಾಸಿ ವಾಹನಗಳಿಗೆ ಇ-ಪಾಸ್ ಕಡ್ಡಾಯವಾಯಿತು. 2025ರ ಏಪ್ರಿಲ್‌ನಲ್ಲಿ ದಿನಕ್ಕೆ 6,000, ವಾರಾಂತ್ಯದಲ್ಲಿ 8,000 ವಾಹನಗಳ ಮಿತಿ ಜಾರಿಗೆ ಬಂತು. ಪುಷ್ಪಗಿರಿ ವನ್ಯಧಾಮದ 1,712 ಮೀಟರ್ ಎತ್ತರದ ಕುಮಾರ ಪರ್ವತದಲ್ಲಿ 2024ರ ಜನವರಿಯಲ್ಲಿ ಚಾರಣಿಗರು ಕಿಕ್ಕಿರಿದು ನೆರೆದಾಗ, ಆನ್‌ಲೈನ್ ನೋಂದಣಿಯಿಲ್ಲದ ಚಾರಣಗಳನ್ನು ಸರ್ಕಾರ ತಡೆಹಿಡಿಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಅರಣ್ಯ ಇಲಾಖೆ ಆರಂಭಿಸಿದ ‘ಅರಣ್ಯ ವಿಹಾರ’ ಜಾಲತಾಣದ ಮೂಲಕ ಒಂದು ಚಾರಣಪಥಕ್ಕೆ ದಿನಕ್ಕೆ 300 ಜನರ ಮಿತಿ ಬಂತು.

ಕಾಡಿನ ನಿವಾಸಿಗಳು

ಈ ಚರ್ಚೆಯಲ್ಲಿ ಪ್ರವಾಸಿಗ, ವ್ಯಾಪಾರಿ, ಪರಿಸರವಾದಿಗಳ ದನಿ ಕೇಳಿಸಿದಷ್ಟು ಕಾಡಿನ ಮೂಲ ನಿವಾಸಿಗಳ ದನಿ ಕೇಳಿಸುವುದಿಲ್ಲ. ಜೇನುಕುರುಬ, ಕಾಡುಕುರುಬ, ಸೋಲಿಗರಿಗೆ ಅರಣ್ಯವು ಪಯಣದ ದಾರಿಯಲ್ಲ, ಊರು. 2006ರ ಅರಣ್ಯ ಹಕ್ಕು ಕಾಯ್ದೆ ಅವರ ಪ್ರವೇಶವನ್ನು ಅನುಮತಿಯ ವಿಷಯವಾಗಿ ನೋಡದೆ ಹಕ್ಕೆಂದು ಗುರುತಿಸುತ್ತದೆ. ಚಾಮರಾಜನಗರ ಜಿಲ್ಲೆಯದೇ ಆದ ಬಿಳಿಗಿರಿರಂಗನ ಬೆಟ್ಟದಲ್ಲಿ 2011ರಲ್ಲಿ ಸೋಲಿಗರ ಸಮುದಾಯ ಹಕ್ಕುಗಳಿಗೆ ಮನ್ನಣೆ ದೊರೆತದ್ದು ಹುಲಿ ಮೀಸಲು ಪ್ರದೇಶಗಳ ಮಟ್ಟಿಗೆ ದೇಶದಲ್ಲಿಯೇ ಮೊದಲು. ಗಿರಿಧಾಮಕ್ಕೆ ಧಾವಿಸುವ ಕಾರನ್ನೂ ಜೇನು ಕೊಯ್ಯಲು ಹೊರಟ ಸೋಲಿಗನನ್ನೂ ‘ಸಾರ್ವಜನಿಕರು’ ಎಂಬ ಒಂದೇ ಪದದಡಿ ತಂದರೆ ನಿಯಮ ಇಬ್ಬರಿಗೂ ಹೊಂದದು.

ಬಂಡೀಪುರದ ನಿಷೇಧ ಕಾಡಿಗೆ ಕೊಟ್ಟಿರುವುದು ದಿನದ ಒಂಬತ್ತು ಗಂಟೆಗಳನ್ನು. ಉಳಿದ ಹದಿನೈದು ಗಂಟೆ ರಸ್ತೆ ಜನರದೇ. ಆ ಒಂಬತ್ತು ಗಂಟೆಗಳ ಬೆಲೆಯನ್ನು ಹೆಚ್ಚಾಗಿ ತೆರುತ್ತಿರುವುದು ಗಡಿಯಂಚಿನ ಊರುಗಳು. ಫಲ ಉಣ್ಣುವುದು ಇಡೀ ನಾಡು. ಗೇಟು ತೆರೆಯಬೇಕೆ, ಮುಚ್ಚಬೇಕೆ ಎಂಬ ವಾಗ್ವಾದದಲ್ಲಿ ಹಿಂದೆ ಬಿದ್ದಿರುವುದು ಈ ಹೊರೆಯ ಹಂಚಿಕೆಯ ಪ್ರಶ್ನೆಯೇ. ಸುತ್ತುದಾರಿಯನ್ನು ಸುಸ್ಥಿತಿಯಲ್ಲಿಡುವುದು, ರಾತ್ರಿಯ ಬಸ್ಸುಗಳು ಸಮಯಕ್ಕೆ ಓಡುವಂತೆ ನೋಡಿಕೊಳ್ಳುವುದು, ರೋಗಿಯನ್ನು ಕರೆತರುವ ವಾಹನಕ್ಕೆ ಗೇಟಿನಲ್ಲಿ ವಿಳಂಬವಾಗದಂತೆ ಮಾಡುವುದು ಸರ್ಕಾರಗಳ ಕೈಯಲ್ಲಿಯೇ ಇರುವ ಕೆಲಸಗಳು. ಅವು ನಡೆದಷ್ಟೂ ಗೇಟಿನ ಆಚೆ ಕಾಯುವವರ ಅಸಮಾಧಾನ ತಗ್ಗುತ್ತದೆ.