ವ್ಯಕ್ತಿತ್ವ ದೋಷಕ್ಕೂ ಅಳತೆಗೋಲು: ಪ್ರಶ್ನಾವಳಿಯ ಅಂಕವೇ ರೋಗನಿರ್ಣಯವಲ್ಲ

ಹುಟ್ಟುಗುಣ ಸುಟ್ಟರೂ ಹೋಗದು ಎಂಬುದು ಗಾದೆ. ಮುಂಗೋಪ, ಸಂಶಯ, ಹಟ, ಯಾರೊಂದಿಗೂ ಬೆರೆಯದ ಸ್ವಭಾವ ಎಲ್ಲರಲ್ಲೂ ಅಷ್ಟಿಷ್ಟು ಇರುತ್ತವೆ. ಇವೇ ಗುಣಗಳು ವರ್ಷಗಟ್ಟಲೆ ಬೇರೂರಿ ಸಂಸಾರ, ಸ್ನೇಹ, ಉದ್ಯೋಗಗಳನ್ನು ಕೆಡಿಸತೊಡಗಿದಾಗ ಮನೋವೈದ್ಯರು ಅದನ್ನು ‘ವ್ಯಕ್ತಿತ್ವ ದೋಷ’ ಎಂದು ಗುರುತಿಸುತ್ತಾರೆ. ಸ್ವಭಾವ ಎಲ್ಲಿ ಮುಗಿಯುತ್ತದೆ, ದೋಷ ಎಲ್ಲಿ ಆರಂಭವಾಗುತ್ತದೆ ಎಂಬುದನ್ನು ರಕ್ತಪರೀಕ್ಷೆಯಾಗಲೀ ಸ್ಕ್ಯಾನಿಂಗ್ ಆಗಲೀ ಹೇಳಲಾರದು. ಹೀಗಾಗಿ ಪ್ರಶ್ನಾವಳಿ ಮತ್ತು ಸಂದರ್ಶನಗಳೇ ಇಲ್ಲಿ ಅಳತೆಗೋಲು.

ಎರಡು ಹಂತದ ಪರೀಕ್ಷೆ

ವಿಶ್ವ ಆರೋಗ್ಯ ಸಂಸ್ಥೆಯ ಅಂತರರಾಷ್ಟ್ರೀಯ ವ್ಯಕ್ತಿತ್ವ ದೋಷ ಪರೀಕ್ಷೆ ಈ ಕ್ಷೇತ್ರದ ಪ್ರಮುಖ ಸಾಧನಗಳಲ್ಲೊಂದು. ಐಸಿಡಿ-10 ವರ್ಗೀಕರಣವನ್ನು ಆಧರಿಸಿದ ಇದರ ಪ್ರಾಥಮಿಕ ಪ್ರಶ್ನಾವಳಿಯಲ್ಲಿ 59 ಹೇಳಿಕೆಗಳಿದ್ದು, ಪ್ರತಿಯೊಂದಕ್ಕೂ ‘ಸರಿ’ ಅಥವಾ ‘ತಪ್ಪು’ ಎಂದು ಉತ್ತರಿಸಬೇಕು. ಇದು ಕೇವಲ ಜರಡಿ. ಜರಡಿಯಲ್ಲಿ ಉಳಿದವರನ್ನು ತರಬೇತಿ ಪಡೆದ ತಜ್ಞರು ಸಂದರ್ಶಿಸಿ, ಪ್ರತಿ ಲಕ್ಷಣಕ್ಕೂ 0, 1 ಅಥವಾ 2 ಅಂಕ ನೀಡುತ್ತಾರೆ. ಲಕ್ಷಣ ಕನಿಷ್ಠ 5 ವರ್ಷಗಳಿಂದ ಇರಬೇಕು ಎಂಬುದು ಈ ಪರೀಕ್ಷೆಯ ನಿಯಮ. ಪರೀಕ್ಷೆ, ಸಾಲ, ಸಾವು ಇತ್ಯಾದಿ ತಾತ್ಕಾಲಿಕ ಸಂಕಟಗಳಲ್ಲಿ ಕಾಣುವ ವರ್ತನೆಯನ್ನು ಸ್ವಭಾವವೆಂದು ಭಾವಿಸಬಾರದು ಎಂಬುದೇ ಇದರ ಉದ್ದೇಶ.

ಬೆಂಗಳೂರಿನ ಪಾಲು

ಈ ಪರೀಕ್ಷೆಯನ್ನು ಜಗತ್ತಿನ 11 ದೇಶಗಳ 14 ಕೇಂದ್ರಗಳಲ್ಲಿ 716 ರೋಗಿಗಳ ಮೇಲೆ ಪ್ರಯೋಗಿಸಿ ನೋಡಲಾಯಿತು. ಅವುಗಳಲ್ಲಿ ಬೆಂಗಳೂರೂ ಒಂದು. 1994ರಲ್ಲಿ ಪ್ರಕಟವಾದ ಈ ಅಧ್ಯಯನದ ಲೇಖಕರಲ್ಲಿ ನಿಮ್ಹಾನ್ಸ್‌ನ ಡಾ. ಎಸ್.ಎಂ. ಚನ್ನಬಸವಣ್ಣ ಅವರೂ ಇದ್ದರು. ಪರೀಕ್ಷೆ ಸಿದ್ಧಗೊಂಡ ಭಾಷೆಗಳಲ್ಲಿ ಹಿಂದಿ, ತಮಿಳುಗಳ ಜೊತೆಗೆ ಕನ್ನಡವೂ ಸೇರಿದೆ.

ಬಗೆಯಿಂದ ತೀವ್ರತೆಯತ್ತ

ಹಳೆಯ ವರ್ಗೀಕರಣ ವ್ಯಕ್ತಿಗಳನ್ನು ‘ಸಂಶಯ ಪ್ರವೃತ್ತಿಯವರು’, ‘ಸಮಾಜವಿರೋಧಿಗಳು’ ಎಂದು ಬಗೆಬಗೆಯಾಗಿ ವಿಂಗಡಿಸುತ್ತಿತ್ತು. ಒಬ್ಬರೇ ರೋಗಿ ಎರಡು-ಮೂರು ಬಗೆಗಳಿಗೆ ಸಲ್ಲುತ್ತಿದ್ದುದು ಅದರ ದೊಡ್ಡ ತೊಡಕಾಗಿತ್ತು. 2022ರ ಜನವರಿಯಿಂದ ಜಾರಿಗೆ ಬಂದ ಐಸಿಡಿ-11 ಈ ಪದ್ಧತಿಯನ್ನು ಬಹುಮಟ್ಟಿಗೆ ಕೈಬಿಟ್ಟಿದೆ. ಮೊದಲು ದೋಷ ಅಲ್ಪವೇ, ಮಧ್ಯಮವೇ, ತೀವ್ರವೇ ಎಂದು ನಿರ್ಧರಿಸಿ, ಆನಂತರ ಐದು ಲಕ್ಷಣಗಳಲ್ಲಿ ಯಾವುದು ಎದ್ದು ಕಾಣುತ್ತದೆ ಎಂದು ನೋಡಲಾಗುತ್ತದೆ. ಆ ಲಕ್ಷಣಗಳು ಇವು:

• ಆತಂಕ, ಕೋಪ, ಖಿನ್ನತೆಯಂತಹ ಭಾವನೆಗಳ ಅತಿರೇಕ
• ಜನರಿಂದಲೂ ಭಾವನೆಗಳಿಂದಲೂ ದೂರ ಸರಿಯುವುದು
• ಪರರ ಹಕ್ಕು, ನೋವುಗಳನ್ನು ಲೆಕ್ಕಿಸದಿರುವುದು
• ಪರಿಣಾಮ ಯೋಚಿಸದೆ ದುಡುಕುವುದು
• ಅತಿಯಾದ ಕಟ್ಟುನಿಟ್ಟು, ಪರಿಪೂರ್ಣತೆಯ ಗೀಳು

ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಹೊರತಂದ ಡಿಎಸ್‌ಎಂ-5 ಹತ್ತು ಬಗೆಗಳನ್ನು ಉಳಿಸಿಕೊಂಡಿದೆ. ಅದರೊಂದಿಗೆ ಪರ್ಯಾಯ ಮಾದರಿಯೊಂದನ್ನೂ ನೀಡಿದೆ. ಅದಕ್ಕೆಂದೇ ರೂಪಿಸಿದ ಪ್ರಶ್ನಾವಳಿಯಲ್ಲಿ 220 ಹೇಳಿಕೆಗಳಿದ್ದು, 25 ಲಕ್ಷಣಗಳನ್ನು ಅಳೆಯುತ್ತದೆ. 25 ಹೇಳಿಕೆಗಳ ಕಿರುರೂಪವೂ ಲಭ್ಯವಿದೆ.

ಓದು, ಭಾಷೆಯ ತೊಡಕು

ತನ್ನ ಬಗ್ಗೆ ತಾನೇ ಉತ್ತರಿಸುವ ಪ್ರಶ್ನಾವಳಿಗೆ ಓದು ಬರಹ ಬೇಕು. 2011ರ ಜನಗಣತಿಯಂತೆ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇ 51.83 ಇದ್ದು, ರಾಜ್ಯದಲ್ಲೇ ಕನಿಷ್ಠವಾಗಿತ್ತು. ಶಹಾಪುರ ತಾಲ್ಲೂಕಿನ ದೋರನಹಳ್ಳಿಯಂತಹ ಊರಿನಿಂದ ಬಂದವರಿಗೆ ಹೇಳಿಕೆಗಳನ್ನು ಓದಿ ಹೇಳಬೇಕಾದೀತು. ಗ್ರಾಂಥಿಕ ಕನ್ನಡವನ್ನು ಆಡುಮಾತಿಗೆ ತಿರುಗಿಸಬೇಕಾದೀತು. ಮನೆಯವರೆದುರು ಹಾಗೆ ಓದಿ ಹೇಳಿದರೆ ಮುಚ್ಚುಮರೆಯಿಲ್ಲದ ಉತ್ತರ ದೊರೆಯುವುದು ಕಷ್ಟ.

ಅರ್ಥದ ಪ್ರಶ್ನೆಯೂ ಇದೆ. ‘ಹಿರಿಯರನ್ನು ಕೇಳದೆ ನಾನು ಯಾವ ತೀರ್ಮಾನವನ್ನೂ ಕೈಗೊಳ್ಳುವುದಿಲ್ಲ’ ಎಂಬ ಹೇಳಿಕೆಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಒಂಟಿಯಾಗಿ ಬದುಕುವ ನಗರವಾಸಿಯಲ್ಲಿ ಇದು ಪರಾವಲಂಬನೆಯ ಸೂಚನೆಯಾಗಬಹುದು. ಕೂಡುಕುಟುಂಬದ ಸೊಸೆಗೆ ಅದು ಮನೆಯ ಕಟ್ಟಳೆ. ಇದಲ್ಲದೆ, ವ್ಯಕ್ತಿತ್ವ ದೋಷವುಳ್ಳ ಅನೇಕರಿಗೆ ತಮ್ಮ ನಡೆಯೇ ಸರಿಯೆನಿಸುತ್ತದೆ. ಆದ್ದರಿಂದ ಆಪ್ತರ ಮಾಹಿತಿ, ಜೀವನ ವೃತ್ತಾಂತ ಎರಡನ್ನೂ ತಜ್ಞರು ತಾಳೆ ನೋಡುತ್ತಾರೆ.

ಹಣೆಪಟ್ಟಿಗೆ ಕಾನೂನಿನ ತಡೆ

ಅಂತರ್ಜಾಲದಲ್ಲಿ ದೊರೆಯುವ ಪ್ರಶ್ನಾವಳಿಯನ್ನು ತುಂಬಿ ಪತಿ, ಪತ್ನಿ ಅಥವಾ ಸಹೋದ್ಯೋಗಿಗೆ ರೋಗದ ಹೆಸರಿಡುವುದು ಅಪಾಯಕಾರಿ. ಮಾನಸಿಕ ಆರೋಗ್ಯ ಕಾಯ್ದೆ-2017ರ 3ನೇ ಕಲಮಿನ ಪ್ರಕಾರ, ಸಮುದಾಯದ ನೈತಿಕ, ಸಾಮಾಜಿಕ ಅಥವಾ ಧಾರ್ಮಿಕ ಕಟ್ಟಳೆಗಳಿಗೆ ಹೊಂದಿಕೊಳ್ಳಲಿಲ್ಲ ಎಂಬ ಕಾರಣಕ್ಕೆ ಯಾರನ್ನೂ ಮಾನಸಿಕ ಅಸ್ವಸ್ಥರೆಂದು ನಿರ್ಧರಿಸುವಂತಿಲ್ಲ. ಹಿಂದೆ ಚಿಕಿತ್ಸೆ ಪಡೆದಿದ್ದರು ಎಂಬುದೊಂದೇ ಅದಕ್ಕೆ ಆಧಾರವಾಗದು. 23ನೇ ಕಲಮು ಮಾಹಿತಿಯ ಗೋಪ್ಯತೆಯ ಹಕ್ಕನ್ನು ನೀಡುತ್ತದೆ.

ಗಾದೆ ಏನೇ ಹೇಳಲಿ, ಸೂಕ್ತ ಮನೋಚಿಕಿತ್ಸೆಯಿಂದ ಈ ಲಕ್ಷಣಗಳ ತೀವ್ರತೆ ತಗ್ಗಬಲ್ಲದು. ಅಂಕದ ಬೆಲೆ ಇರುವುದು ಆ ಚಿಕಿತ್ಸೆಗೆ ದಾರಿ ತೋರುವುದರಲ್ಲಿ. ನೆರವು ಬೇಕಾದವರು ಸರ್ಕಾರದ ಟೆಲಿ-ಮಾನಸ್ ಉಚಿತ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು.