ಗೆದ್ದ ಕೋಚನ್ನೂ ಮನೆಗೆ ಕಳಿಸುವ ಲೀಗ್: ಎನ್‌ಎಫ್‌ಎಲ್ ಮಾಲೀಕರ ಲೆಕ್ಕ ಕೇಳುವವರು ಯಾರು?

2007ರ ಫೆಬ್ರವರಿ 12ರಂದು ಅಮೆರಿಕದ ಸ್ಯಾನ್ ಡಿಯಾಗೋ ಚಾರ್ಜರ್ಸ್ ತಂಡ ತನ್ನ ಹೆಡ್ ಕೋಚ್ ಮಾರ್ಟಿ ಶಾಟನ್‌ಹೈಮರ್ ಅವರನ್ನು ಕೆಲಸದಿಂದ ತೆಗೆದುಹಾಕಿತು. ಆ ಋತುವಿನ 16 ಲೀಗ್ ಪಂದ್ಯಗಳಲ್ಲಿ ಅವರ ತಂಡ ಗೆದ್ದಿದ್ದು 14, ಸೋತಿದ್ದು ಎರಡೇ ಎರಡು. ಇಡೀ ಲೀಗ್‌ನಲ್ಲಿ ಅಷ್ಟು ಪಂದ್ಯ ಗೆದ್ದ ತಂಡ ಮತ್ತೊಂದಿರಲಿಲ್ಲ. ಆದರೆ ತಮ್ಮ ಮೊದಲ ಪ್ಲೇಆಫ್ ಪಂದ್ಯದಲ್ಲೇ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ವಿರುದ್ಧ 24-21ರಿಂದ, ಅಂದರೆ ಬರೀ ಮೂರು ಅಂಕಗಳಿಂದ ಸೋತರು. ತಿಂಗಳು ತುಂಬುವ ಮೊದಲೇ ಕೆಲಸವೂ ಹೋಯಿತು.

'ಚೆನ್ನಾಗಿ ಕೆಲಸ ಮಾಡಿದರೆ ಯಾರೂ ನಿನ್ನನ್ನು ಅಲ್ಲಾಡಿಸೋಕೆ ಆಗಲ್ಲ' ಅನ್ನೋ ಮಾತನ್ನು ನಾವೆಲ್ಲ ಕೇಳಿಕೊಂಡೇ ಬೆಳೆದವರು. ಕ್ರೀಡೆಯಲ್ಲಂತೂ ಮಾಡಿದ ಕೆಲಸದ ಫಲ ಸ್ಕೋರ್‌ಬೋರ್ಡ್ ಮೇಲೆ ಎಲ್ಲರ ಕಣ್ಣೆದುರಿಗೇ ಇರುತ್ತದೆ. ಹಾಗಿದ್ದೂ ಗೆದ್ದವರ ಕೆಲಸ ಹೋಗುತ್ತದೆ ಅಂದರೆ, ಸ್ಕೋರ್‌ಬೋರ್ಡ್ ಓದುವ ಅಧಿಕಾರ ಬೇರೆ ಯಾರದೋ ಕೈಯಲ್ಲಿದೆ ಅಂತ ಅರ್ಥ. ನನ್ನ ವಾದ ಇಷ್ಟೇ: ಈ ಲೀಗ್‌ನಲ್ಲಿ ಗೆಲುವಿನ ಅಳತೆಗೋಲು ಇರುವುದು ಮಾಲೀಕರ ಹತ್ತಿರ. ಅದನ್ನು ಅವರು ಯಾವಾಗ ಬೇಕಾದರೂ ಬದಲಿಸಬಹುದು. ಬದಲಿಸಿದ್ದಕ್ಕೆ ಯಾರಿಗೂ ಉತ್ತರ ಕೊಡಬೇಕಿಲ್ಲ. ಹಾಗಾಗಿಯೇ ಆ ಅಳತೆ ಎಲ್ಲರಿಗೂ ಒಂದೇ ಥರ ಇರುವುದಿಲ್ಲ.

ಮೊದಲು ಲೀಗ್‌ನ ಲೆಕ್ಕಾಚಾರ

ಇಲ್ಲಿ ಹೇಳುತ್ತಿರುವುದು ನಮ್ಮಲ್ಲಿ ಕಾಲಿನಿಂದ ಒದ್ದು ಆಡುವ ಫುಟ್‌ಬಾಲ್ ಬಗ್ಗೆ ಅಲ್ಲ. ಮೊಟ್ಟೆಯಾಕಾರದ ಚೆಂಡು ಹಿಡಿದು ಓಡುವ ಅಮೆರಿಕನ್ ಫುಟ್‌ಬಾಲ್ ಬಗ್ಗೆ. ಅದರ ವೃತ್ತಿಪರ ಲೀಗ್ ನ್ಯಾಷನಲ್ ಫುಟ್‌ಬಾಲ್ ಲೀಗ್, ಅಂದರೆ ಎನ್‌ಎಫ್‌ಎಲ್. ಒಟ್ಟು 32 ತಂಡಗಳು. ಈಗ ಪ್ರತಿ ತಂಡಕ್ಕೆ 17 ಲೀಗ್ ಪಂದ್ಯ, ಆಮೇಲೆ 14 ತಂಡಗಳಿಗೆ ಪ್ಲೇಆಫ್, ಕೊನೆಗೆ ಸೂಪರ್ ಬೌಲ್ ಫೈನಲ್.

ಐಪಿಎಲ್ ನೋಡುವವರಿಗೆ ಇದರ ಒಳಗಿನ ಅರ್ಥಶಾಸ್ತ್ರ ಬೇಗ ಅರ್ಥವಾಗುತ್ತದೆ. ಎಷ್ಟೇ ಸೋತರೂ ಯಾವ ತಂಡವೂ ಕೆಳಗಿನ ದರ್ಜೆಗೆ ಇಳಿಯುವುದಿಲ್ಲ. ಟಿವಿ ಹಕ್ಕುಗಳಿಂದ ಬರುವ ರಾಷ್ಟ್ರಮಟ್ಟದ ಹಣವನ್ನು ಎಲ್ಲ ತಂಡಗಳೂ ಸಮನಾಗಿ ಹಂಚಿಕೊಳ್ಳುತ್ತವೆ. 2021ರಲ್ಲಿ ಸಹಿಯಾದ ಒಪ್ಪಂದಗಳ ಮೊತ್ತ 11 ವರ್ಷಕ್ಕೆ ಸುಮಾರು 110 ಶತಕೋಟಿ ಡಾಲರ್. ಕೊನೆಯ ಸ್ಥಾನ ಪಡೆದ ತಂಡಕ್ಕೂ ಇದರಲ್ಲಿ ಪೂರ್ತಿ ಪಾಲು. ಅಷ್ಟೇ ಅಲ್ಲ, ಕಾಲೇಜಿನಿಂದ ಬರುವ ಹೊಸ ಆಟಗಾರರನ್ನು ಆರಿಸುವ 'ಡ್ರಾಫ್ಟ್'ನಲ್ಲಿ ಅತಿ ಹೆಚ್ಚು ಸೋತ ತಂಡಕ್ಕೇ ಮೊದಲ ಅವಕಾಶ.

ಆಟಗಾರರ ಸಂಬಳಕ್ಕೆ 1994ರಿಂದ ಒಂದು ಮಿತಿ ಇದೆ. ಕೋಚ್‌ಗಳ ಸಂಬಳ ಆ ಮಿತಿಯೊಳಗೆ ಬರುವುದಿಲ್ಲ. ಒಬ್ಬ ಆಟಗಾರನನ್ನು ಅವಸರದಲ್ಲಿ ಕೈಬಿಟ್ಟರೆ ಅದರ ಹೊರೆ ಮುಂದಿನ ವರ್ಷದ ತಂಡದ ಮೇಲೂ ಬೀಳಬಹುದು. ಕೋಚನ್ನು ತೆಗೆದರೆ ಮಾಲೀಕರು ಉಳಿದ ಒಪ್ಪಂದದ ಹಣ ಕೊಟ್ಟರೆ ಆಯಿತು. ಏನಾದರೂ ಬದಲಾಗಬೇಕು ಅಂತ ಅಭಿಮಾನಿಗಳು ಕೂಗುತ್ತಿರುವಾಗ ಮಾಲೀಕರ ಕೈಗೆ ಸುಲಭಕ್ಕೆ ಸಿಗುವುದು ಕೋಚ್ ಕುರ್ಚಿಯೇ.

ಅಪಾಯದ ಸಂಖ್ಯೆ: 9-7

16 ಪಂದ್ಯಗಳ ಕಾಲದ ಪಟ್ಟಿ ನೋಡುವಾಗ ನನಗೆ ಒಂದು ಸಂಖ್ಯೆ ಮತ್ತೆ ಮತ್ತೆ ಎದುರಾಗುತ್ತದೆ. ಒಂಬತ್ತು ಗೆಲುವು, ಏಳು ಸೋಲು. 1994ರ ಋತುವಿನ ನಂತರ ರೇಡರ್ಸ್ ತಂಡ ಆರ್ಟ್ ಶೆಲ್ ಅವರನ್ನು ತೆಗೆದಾಗ ದಾಖಲೆ 9-7. 2002ರ ಜನವರಿಯಲ್ಲಿ ಟ್ಯಾಂಪಾ ಬೇ ತಂಡ ಟೋನಿ ಡಂಜಿ ಅವರನ್ನು ತೆಗೆದಾಗಲೂ 9-7. 2018ರ ಜನವರಿಯಲ್ಲಿ ಡೆಟ್ರಾಯಿಟ್ ಲಯನ್ಸ್ ಜಿಮ್ ಕಾಲ್ಡ್‌ವೆಲ್ ಅವರನ್ನು ತೆಗೆದಾಗಲೂ ಅದೇ. ಅದೇ ತಿಂಗಳು ಟೆನೆಸಿ ಟೈಟನ್ಸ್ ಮೈಕ್ ಮುಲಾರ್ಕಿ ಅವರನ್ನು ಬಿಟ್ಟಿತು; ಅವರದ್ದೂ 9-7, ಜೊತೆಗೆ ಪ್ಲೇಆಫ್‌ನಲ್ಲಿ ಒಂದು ಗೆಲುವೂ ಇತ್ತು.

ಇದಕ್ಕೆ ಕಾರಣ ಮೇಲೆ ಹೇಳಿದ ವ್ಯವಸ್ಥೆಯಲ್ಲೇ ಇದೆ. ತೀರಾ ಸೋತ ತಂಡಕ್ಕೆ ಡ್ರಾಫ್ಟ್‌ನ ಒಳ್ಳೆಯ ಸ್ಥಾನ ಸಿಗುತ್ತದೆ, 'ಹೊಸದಾಗಿ ಕಟ್ಟುತ್ತಿದ್ದೇವೆ' ಅಂತ ಹೇಳಿ ಕಾಲ ತಳ್ಳಬಹುದು. ಚಾಂಪಿಯನ್‌ಗೆ ಟ್ರೋಫಿ ಇರುತ್ತದೆ. ಮಧ್ಯದಲ್ಲಿರುವ ತಂಡಕ್ಕೆ ಎರಡೂ ಇಲ್ಲ. ಆಗ ಮಾಲೀಕರಿಗೆ ಅನ್ನಿಸುವುದು, 'ಈ ಮನುಷ್ಯ ಇಲ್ಲಿವರೆಗೆ ತಂದ, ಇಲ್ಲಿಂದ ಮುಂದಕ್ಕೆ ಒಯ್ಯಲಾರ.' ಮೊದಲು 'ಗೆಲ್ಲುವುದನ್ನು ಕಲಿಸು' ಅಂತ ಕರೆತಂದಿರುತ್ತಾರೆ. ಕಲಿಸಿದ ಮೇಲೆ 'ಇಷ್ಟೇನಾ?' ಅಂತಾರೆ.

ಡಂಜಿ ಕಥೆ ಇದಕ್ಕೆ ಸ್ಪಷ್ಟ ಉದಾಹರಣೆ. ಅವರು ಬರುವ ಮೊದಲು, 1983ರಿಂದ 1995ರವರೆಗೆ, ಟ್ಯಾಂಪಾ ಬೇ ತಂಡ ಒಂದೇ ಒಂದು ಋತುವಿನಲ್ಲೂ ಸೋಲಿಗಿಂತ ಹೆಚ್ಚು ಗೆಲುವು ಕಂಡಿರಲಿಲ್ಲ. ಅವರು ಆರು ವರ್ಷದಲ್ಲಿ 54 ಗೆದ್ದು, 42 ಸೋತು, ನಾಲ್ಕು ಸಲ ಪ್ಲೇಆಫ್‌ಗೆ ಒಯ್ದರು. ಸೂಪರ್ ಬೌಲ್ ತಲುಪಲಿಲ್ಲ ಅನ್ನೋದೇ ಅವರ ವಿರುದ್ಧದ ದೂರು.

ಮೈದಾನದ ಹೊರಗಿನ ಜಗಳ

ಎನ್‌ಎಫ್‌ಎಲ್‌ನಲ್ಲಿ ಸಾಮಾನ್ಯವಾಗಿ ಆಟಗಾರರನ್ನು ಆರಿಸುವುದು ಜನರಲ್ ಮ್ಯಾನೇಜರ್, ಆಡಿಸುವುದು ಹೆಡ್ ಕೋಚ್. ತಂಡ ಗೆದ್ದರೆ ಹೆಸರು ಯಾರಿಗೆ, ಸೋತರೆ ತಪ್ಪು ಯಾರದು ಅನ್ನೋ ತಿಕ್ಕಾಟ ಇಲ್ಲಿಂದಲೇ ಶುರು. ಶಾಟನ್‌ಹೈಮರ್ ಮತ್ತು ಜನರಲ್ ಮ್ಯಾನೇಜರ್ ಎ.ಜೆ. ಸ್ಮಿತ್ ನಡುವಿನ ಸಂಬಂಧ ಹಳಸಿತ್ತು. ಅದರ ಮೇಲೆ ಕೋಚ್‌ನ ಇಬ್ಬರು ಪ್ರಮುಖ ಸಹಾಯಕರು ಬೇರೆ ತಂಡಗಳ ಹೆಡ್ ಕೋಚ್ ಆಗಿ ಹೊರಟುಹೋದರು. ತಂಡದ ಅಧ್ಯಕ್ಷ ಡೀನ್ ಸ್ಪಾನೋಸ್ ಕೊಟ್ಟ ಕಾರಣವೂ ಒಳಗಿನ ಹೊಂದಾಣಿಕೆ ಕೆಟ್ಟಿದೆ ಅನ್ನೋದೇ.

ಇದು ಸುಳ್ಳು ಕಾರಣ ಅಂತ ನಾನು ಹೇಳುವುದಿಲ್ಲ. ಶಾಟನ್‌ಹೈಮರ್ ವೃತ್ತಿಜೀವನದಲ್ಲಿ 200 ಲೀಗ್ ಪಂದ್ಯ ಗೆದ್ದವರು. ಆದರೆ ಪ್ಲೇಆಫ್‌ನಲ್ಲಿ ಅವರ ದಾಖಲೆ 5 ಗೆಲುವು, 13 ಸೋಲು. ಮಾಲೀಕರ ಅಸಮಾಧಾನಕ್ಕೆ ಆಧಾರ ಇತ್ತು. ನನ್ನ ಪ್ರಶ್ನೆ ಬೇರೆ. ಅವರ ಜಾಗಕ್ಕೆ ಬಂದ ನಾರ್ವ್ ಟರ್ನರ್, ಹಿಂದಿನ ಎರಡು ತಂಡಗಳಲ್ಲಿ ಒಟ್ಟು 58 ಗೆದ್ದು, 82 ಸೋತು, ಒಂದು ಡ್ರಾ ಮಾಡಿಕೊಂಡವರು. ದಾಖಲೆಯೇ ಮುಖ್ಯ ಅನ್ನೋದಾದರೆ ಈ ಆಯ್ಕೆಯನ್ನು ಹೇಗೆ ವಿವರಿಸೋದು?

ತೆಗೆದರೆ ಲಾಭ ಆಗುತ್ತದಾ?

ಕೆಲವು ಸಲ ಆಗುತ್ತದೆ, ಅದನ್ನು ಒಪ್ಪಲೇಬೇಕು. ಡಂಜಿ ಜಾಗಕ್ಕೆ ಜಾನ್ ಗ್ರೂಡನ್ ಅವರನ್ನು ತರಲು ಟ್ಯಾಂಪಾ ಬೇ ನಾಲ್ಕು ಡ್ರಾಫ್ಟ್ ಸ್ಥಾನಗಳನ್ನೂ 80 ಲಕ್ಷ ಡಾಲರನ್ನೂ ಕೊಟ್ಟಿತು. ಮೊದಲ ವರ್ಷವೇ ಸೂಪರ್ ಬೌಲ್ ಗೆದ್ದಿತು. ಡೆನ್ವರ್ ಬ್ರಾಂಕೋಸ್ 2015ರ ಜನವರಿಯಲ್ಲಿ ಜಾನ್ ಫಾಕ್ಸ್ ಅವರಿಂದ 'ಪರಸ್ಪರ ಒಪ್ಪಿಗೆ'ಯ ಮೇಲೆ ಬೇರೆಯಾಯಿತು. ನಾಲ್ಕು ವರ್ಷದಲ್ಲಿ ಅವರದ್ದು 46 ಗೆಲುವು, 18 ಸೋಲು, ನಾಲ್ಕೂ ವರ್ಷ ವಿಭಾಗದ ಮೊದಲ ಸ್ಥಾನ. ನಂತರ ಬಂದ ಗ್ಯಾರಿ ಕುಬಿಯಾಕ್ ಮೊದಲ ಋತುವಿನಲ್ಲೇ ಸೂಪರ್ ಬೌಲ್ ಗೆದ್ದರು.

ಇನ್ನೊಂದು ಕಡೆ ನೋಡಿ. ಶಿಕಾಗೋ ಬೇರ್ಸ್ 2012ರಲ್ಲಿ 10-6 ದಾಖಲೆಯ ಲವಿ ಸ್ಮಿತ್ ಅವರನ್ನು ತೆಗೆಯಿತು. ನಂತರ ಬಂದ ಕೋಚ್ ಎರಡು ವರ್ಷದಲ್ಲಿ 13 ಗೆದ್ದು 19 ಸೋತು ಮನೆಗೆ ಹೋದರು. ಡೆಟ್ರಾಯಿಟ್‌ನಲ್ಲಿ ಕಾಲ್ಡ್‌ವೆಲ್ ದಾಖಲೆ 36-28. ಅವರ ನಂತರದ ಮ್ಯಾಟ್ ಪ್ಯಾಟ್ರಿಷಿಯಾ ದಾಖಲೆ 13 ಗೆಲುವು, 29 ಸೋಲು, ಒಂದು ಡ್ರಾ. ಗೆದ್ದ ಜೂಜುಗಳು ದಂತಕಥೆಯಾಗುತ್ತವೆ. ಸೋತ ಜೂಜುಗಳ ಬೆಲೆಯನ್ನು ಊರಿನ ಅಭಿಮಾನಿಗಳು ವರ್ಷಗಟ್ಟಲೆ ಕಟ್ಟುತ್ತಾರೆ.

ಯಾರ ಗೆಲುವಿಗೆ ಎಷ್ಟು ಬೆಲೆ?

ಇಲ್ಲಿವರೆಗಿನ ಹೆಸರುಗಳಲ್ಲಿ ಶೆಲ್, ಡಂಜಿ, ಸ್ಮಿತ್, ಕಾಲ್ಡ್‌ವೆಲ್ ನಾಲ್ವರೂ ಕಪ್ಪುವರ್ಣೀಯರು. ಶೆಲ್ ಅಂತೂ ಆಧುನಿಕ ಎನ್‌ಎಫ್‌ಎಲ್‌ನ ಮೊದಲ ಕಪ್ಪುವರ್ಣೀಯ ಹೆಡ್ ಕೋಚ್. ಬಿಳಿಯರ ಕೆಲಸವೂ ಹೋಗುತ್ತದೆ, ನಿಜ. ಶಾಟನ್‌ಹೈಮರ್ ಅವರದ್ದೂ ಹೋಯಿತಲ್ಲ. ವ್ಯತ್ಯಾಸ ಇರುವುದು ಎಷ್ಟು ಗೆದ್ದರೆ ಸಾಕು ಅನ್ನೋದರಲ್ಲಿ ಮತ್ತು ಎರಡನೇ ಅವಕಾಶ ಯಾರಿಗೆ ಅನ್ನೋದರಲ್ಲಿ.

2002ರಲ್ಲಿ ವಕೀಲರಾದ ಜಾನಿ ಕಾಕ್ರನ್ ಮತ್ತು ಸೈರಸ್ ಮೆಹ್ರಿ ಒಂದು ವರದಿ ಹೊರತಂದರು. ಹಿಂದಿನ 15 ವರ್ಷಗಳ ಅಂಕಿಅಂಶ ನೋಡಿದ ಆ ವರದಿಯ ಪ್ರಕಾರ, ಕಪ್ಪುವರ್ಣೀಯ ಕೋಚ್‌ಗಳು ಬಿಳಿಯ ಕೋಚ್‌ಗಳಿಗಿಂತ ಋತುವಿಗೆ ಸರಾಸರಿ ಒಂದಕ್ಕಿಂತ ಹೆಚ್ಚು ಪಂದ್ಯ ಗೆದ್ದಿದ್ದರು. ಆದರೂ ಕೆಲಸ ಸಿಗುವುದರಲ್ಲಿ ಕೊನೆ, ಹೋಗುವುದರಲ್ಲಿ ಮೊದಲು. ಒತ್ತಡಕ್ಕೆ ಮಣಿದ ಲೀಗ್ 2003ರಲ್ಲಿ 'ರೂನಿ ನಿಯಮ' ತಂದಿತು. ಹೆಡ್ ಕೋಚ್ ಹುದ್ದೆಗೆ ಕನಿಷ್ಠ ಒಬ್ಬ ಅಲ್ಪಸಂಖ್ಯಾತ ಅಭ್ಯರ್ಥಿಯನ್ನಾದರೂ ಸಂದರ್ಶನ ಮಾಡಲೇಬೇಕು ಅನ್ನೋದು ಆ ನಿಯಮ. ಸಂದರ್ಶನ ಕಡ್ಡಾಯವಾಯಿತು, ನೇಮಕ ಮಾಲೀಕರ ಇಷ್ಟಕ್ಕೇ ಉಳಿಯಿತು.

2007ರ ಫೆಬ್ರವರಿ 4ರಂದು ಇಂಡಿಯಾನಾಪೊಲಿಸ್ ತಂಡದ ಕೋಚ್ ಆಗಿ ಡಂಜಿ ಸೂಪರ್ ಬೌಲ್ ಗೆದ್ದರು. ಅದನ್ನು ಗೆದ್ದ ಮೊದಲ ಕಪ್ಪುವರ್ಣೀಯ ಹೆಡ್ ಕೋಚ್ ಅವರೇ. ಎದುರಾಳಿ ತಂಡದ ಕೋಚ್ ಲವಿ ಸ್ಮಿತ್. ಒಂದು ಊರು ಸಾಲದು ಅಂತ ಕಳಿಸಿದವರು ಇನ್ನೊಂದು ಊರಿನಲ್ಲಿ ಟ್ರೋಫಿ ಎತ್ತಿದ್ದರು.

ಮಾಲೀಕರನ್ನು ಕೇಳುವವರು ಯಾರು?

ಈ ಪ್ರಶ್ನೆಯನ್ನು ನ್ಯಾಯಾಲಯದ ಮೆಟ್ಟಿಲು ಹತ್ತಿಸಿದವರು ಬ್ರಯನ್ ಫ್ಲೋರೆಸ್. ಮಯಾಮಿ ಡಾಲ್ಫಿನ್ಸ್ ತಂಡಕ್ಕೆ ಅವರು 2020ರಲ್ಲಿ 10-6, 2021ರಲ್ಲಿ 9-8 ದಾಖಲೆ ತಂದುಕೊಟ್ಟರು. 2003ರ ನಂತರ ಆ ತಂಡ ಸತತ ಎರಡು ವರ್ಷ ಸೋಲಿಗಿಂತ ಹೆಚ್ಚು ಗೆಲುವು ಕಂಡಿದ್ದು ಅದೇ ಮೊದಲು. 2022ರ ಜನವರಿ 10ರಂದು ಕೆಲಸ ಹೋಯಿತು. ಫೆಬ್ರವರಿ 1ರಂದು ಅವರು ಜನಾಂಗೀಯ ತಾರತಮ್ಯದ ಆರೋಪ ಹೊರಿಸಿ ಲೀಗ್ ಮತ್ತು ಮೂರು ತಂಡಗಳ ಮೇಲೆ ಮೊಕದ್ದಮೆ ಹೂಡಿದರು. ಆಟಗಾರರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಕಪ್ಪುವರ್ಣೀಯರಾಗಿರುವ ಲೀಗ್‌ನಲ್ಲಿ ಅವತ್ತು ಇದ್ದ ಕಪ್ಪುವರ್ಣೀಯ ಹೆಡ್ ಕೋಚ್ ಒಬ್ಬರೇ, ಪಿಟ್ಸ್‌ಬರ್ಗ್‌ನ ಮೈಕ್ ಟಾಮ್ಲಿನ್.

ಆ ದೂರಿನಲ್ಲಿ ಎರಡು ಗಂಭೀರ ಆರೋಪಗಳಿದ್ದವು. ಒಂದು, ಒಳ್ಳೆಯ ಡ್ರಾಫ್ಟ್ ಸ್ಥಾನಕ್ಕಾಗಿ 2019ರಲ್ಲಿ ಬೇಕಂತಲೇ ಸೋಲಲು, ಪ್ರತಿ ಸೋಲಿಗೆ ಒಂದು ಲಕ್ಷ ಡಾಲರ್ ಕೊಡುವುದಾಗಿ ಮಾಲೀಕ ಸ್ಟೀಫನ್ ರಾಸ್ ಹೇಳಿದ್ದರು ಅನ್ನೋದು. ಇನ್ನೊಂದು, ನ್ಯೂಯಾರ್ಕ್ ಜೈಂಟ್ಸ್ ಬೇರೊಬ್ಬರನ್ನು ಆರಿಸಿ ಮುಗಿಸಿದ ಮೇಲೆ ರೂನಿ ನಿಯಮದ ಶಾಸ್ತ್ರಕ್ಕೆ ತಮ್ಮನ್ನು ಸಂದರ್ಶನಕ್ಕೆ ಕರೆಯಿತು ಅನ್ನೋದು. ರಾಸ್ ಮತ್ತು ಜೈಂಟ್ಸ್ ಇಬ್ಬರೂ ನಿರಾಕರಿಸಿದರು. ಲೀಗ್ ನಡೆಸಿದ ತನಿಖೆ, ತಂಡ ಬೇಕಂತಲೇ ಸೋತಿಲ್ಲ ಅಂತ ಹೇಳಿತು. ಆದರೆ ಬೇರೆ ತಂಡದ ಒಪ್ಪಂದದಲ್ಲಿದ್ದವರ ಜೊತೆ ಗುಟ್ಟಾಗಿ ಮಾತುಕತೆ ನಡೆಸಿದ್ದಕ್ಕೆ ರಾಸ್ ಅವರಿಗೆ 15 ಲಕ್ಷ ಡಾಲರ್ ದಂಡ ಮತ್ತು ಅಮಾನತು ವಿಧಿಸಿತು.

ಇಲ್ಲಿ ಗಮನಿಸಬೇಕಾದ್ದು ತನಿಖೆ ಮಾಡಿಸಿದ್ದು ಯಾರು ಅನ್ನೋದು. ಲೀಗ್ ಕಮಿಷನರ್‌ನನ್ನು ಆರಿಸುವವರು ಮಾಲೀಕರೇ. ಕೋಚ್ ಮತ್ತು ತಂಡದ ವಿವಾದ ಬಂದರೆ ಮಧ್ಯಸ್ಥಿಕೆಯ ಅಧಿಕಾರವೂ ಆ ಕಮಿಷನರ್‌ಗೇ. ಆಟಗಾರರಿಗೆ ಬಲವಾದ ಒಕ್ಕೂಟ ಇದೆ, ಸಾಮೂಹಿಕ ಒಪ್ಪಂದ ಇದೆ. ಕೋಚ್‌ಗಳಿಗೆ ಹಾಗೆ ಒಟ್ಟಾಗಿ ಚೌಕಾಸಿ ಮಾಡುವ ಯೂನಿಯನ್ ಇಲ್ಲ. 2025ರ ಆಗಸ್ಟ್‌ನಲ್ಲಿ ಮೇಲ್ಮನವಿ ನ್ಯಾಯಾಲಯವೊಂದು, ಫ್ಲೋರೆಸ್ ಪ್ರಕರಣದಲ್ಲಿ ಕಮಿಷನರ್‌ನನ್ನೇ ಮಧ್ಯಸ್ಥನಾಗಿಸುವ ನಿಯಮ ಜಾರಿಗೆ ಯೋಗ್ಯವಲ್ಲ ಅಂತ ತೀರ್ಪು ಕೊಟ್ಟಿದ್ದು ಅದಕ್ಕೇ ಮಹತ್ವದ್ದು.

ತಾಳ್ಮೆ ಈ ಲೀಗ್‌ನಲ್ಲಿ ಅಸಾಧ್ಯವೇನಲ್ಲ. ರೂನಿ ಕುಟುಂಬದ ಪಿಟ್ಸ್‌ಬರ್ಗ್ ಸ್ಟೀಲರ್ಸ್ 1969ರಿಂದ 2025ರ ಋತುವಿನವರೆಗೆ ಇಟ್ಟುಕೊಂಡಿದ್ದು ಮೂವರೇ ಹೆಡ್ ಕೋಚ್‌ಗಳನ್ನು. ಮೊದಲನೆಯವರಾದ ಚಕ್ ನೋಲ್ ತಮ್ಮ ಮೊದಲ ವರ್ಷ ಗೆದ್ದಿದ್ದು ಒಂದು, ಸೋತಿದ್ದು 13. ಆದರೂ ಉಳಿಸಿಕೊಂಡರು, ಅವರು ನಾಲ್ಕು ಸೂಪರ್ ಬೌಲ್ ತಂದುಕೊಟ್ಟರು. ಆದರೆ ಇದೂ ಮಾಲೀಕರ ಸ್ವಭಾವದ ಮಾತೇ ಹೊರತು ಕೋಚ್‌ನ ಹಕ್ಕಿನ ಮಾತಲ್ಲ. ಒಳ್ಳೆಯ ಯಜಮಾನ ಸಿಕ್ಕರೆ ಅದೃಷ್ಟ, ಸಿಗದಿದ್ದರೆ ಗೆಲುವೂ ಕಾಯುವುದಿಲ್ಲ.

ಹೆಡ್ ಕೋಚ್‌ಗಳು ಕೋಟ್ಯಧಿಪತಿಗಳು, ಅವರ ಬಗ್ಗೆ ಮರುಗಬೇಕಾ ಅಂತ ನೀವು ಕೇಳಬಹುದು. ಮರುಗುವುದು ಬೇಡ. ಅಂಕಿಅಂಶ ಇಷ್ಟು ಬಹಿರಂಗವಾಗಿರುವ, ಕೋಟ್ಯಂತರ ಜನ ನೋಡುತ್ತಿರುವ ಕೆಲಸದಲ್ಲೇ ದಾಖಲೆ ರಕ್ಷಣೆ ಕೊಡುವುದಿಲ್ಲ ಅಂದರೆ, ಮುಚ್ಚಿದ ಕೋಣೆಯಲ್ಲಿ 'ಪರ್ಫಾರ್ಮೆನ್ಸ್ ಸಾಲದು' ಅನ್ನಿಸಿಕೊಂಡು ಹೊರಬೀಳುವವರಿಗೆ ಏನು ರಕ್ಷಣೆ ಇದೆ ಅನ್ನೋದು ಯೋಚಿಸಬೇಕಾದ ಮಾತು. ಮುಂದಿನ ಸಲ ಗೆದ್ದ ಕೋಚ್ ಒಬ್ಬರ ಕೆಲಸ ಹೋದ ಸುದ್ದಿ ಓದಿದಾಗ ಅವರು ಎಷ್ಟು ಗೆದ್ದರು ಅಂತ ನೋಡಿ. ಜೊತೆಗೆ ಅವರ ಜಾಗಕ್ಕೆ ಯಾರು ಬಂದರು, ಆ ವ್ಯಕ್ತಿ ಹಿಂದೆ ಎಷ್ಟು ಗೆದ್ದಿದ್ದರು ಅಂತಲೂ ನೋಡಿ.